ಪರೀಕ್ಷೆಯಲ್ಲಿ ಪಾಸಾದ ಕಷಾಯ

ಗಿಡಗಳು ನಮ್ಮ ಮಂಡಿನೋವು ವಾಸಿ ಮಾಡಲೆಂದು ಹುಟ್ಟಿದವಲ್ಲ. ತಮ್ಮನ್ನು ಮೇಯಲು ಬರುವ ಹುಳವನ್ನೂ ಮೇಕೆಯನ್ನೂ ದೂರ ಇಡಲಿಕ್ಕೆ ಅವು ಬೇರಿನಲ್ಲಿ, ತೊಗಟೆಯಲ್ಲಿ, ಬೀಜದಲ್ಲಿ ವಿಷ ಕೂಡಿಟ್ಟುಕೊಳ್ಳುತ್ತವೆ. ಇದೇನು ಹೊಸ ಸಂಶೋಧನೆಯಲ್ಲ, ಶಾಲೆಯ ಬಾಗಿಲು ನೋಡದ ಮೇಕೆಗೂ ಗೊತ್ತಿರುವ ವಿಷಯ. ಅದು ಮೂಸಿ ನೋಡಿ ಮುಂದಕ್ಕೆ ಹೋಗುತ್ತದೆ. "ಗಿಡಮೂಲಿಕೆ ತಾನೇ, ಏನೂ ಆಗಲ್ಲ ಬಿಡಿ" ಎಂದು ಲೋಟ ಎತ್ತುವವರು ನಾವು.

ಹಾಗೆ ಸುಮ್ಮನೆ ಲೋಟ ಎತ್ತದ ಒಬ್ಬ ಹೆಂಗಸಿದ್ದಳು. ಗಿಡದ ರಸವನ್ನು ಅನುಮಾನದಿಂದ ನೋಡುವುದೇ ಅವಳ ಹೊಟ್ಟೆಪಾಡು. ಹಳೇ ಬಸ್ ಡಿಪೋದ ಹಿಂದೆ, ಕೆಳಗೆ ಕನ್ನಡಕದ ಅಂಗಡಿ, ಮೇಲೆ ಟೈಪಿಂಗ್ ಶಾಲೆ ಇರುವ ಕಟ್ಟಡದ ಕೊನೆಯ ಅಂತಸ್ತಿನಲ್ಲಿ ಅವಳ ಲ್ಯಾಬು. ಲಿಫ್ಟ್ ಕೆಟ್ಟು ಎಷ್ಟೋ ಕಾಲವಾಗಿ, ಅದರೊಳಗೆ ಈಗ ಪೊರಕೆಗಳನ್ನು ಇಡುತ್ತಾರೆ. ನಾಟಿ ಔಷಧಿ ತಯಾರಿಸುವವರು ತಮ್ಮ ಲೇಹ, ತೈಲ, ಕಷಾಯಗಳನ್ನು ಮಾರಾಟಕ್ಕೆ ಬಿಡುವ ಮೊದಲು ಇಲ್ಲಿಗೆ ಕಳಿಸುತ್ತಾರೆ. ಕುಡಿದವರಿಗೆ ತೊಂದರೆ ಆಗುತ್ತದೋ ಇಲ್ಲವೋ ನೋಡಿ ಹೇಳುವುದು ಲ್ಯಾಬಿನ ಕೆಲಸ. ವಾಸಿ ಆಗುತ್ತದೋ ಎಂದು ಅಲ್ಲಿ ಯಾರೂ ನೋಡುವುದಿಲ್ಲ, ಅದನ್ನು ಯಾರೂ ಕೇಳುವುದೂ ಇಲ್ಲ.

ಲ್ಯಾಬಿನಲ್ಲಿ ಎಲ್ಲರೂ ಅವಳನ್ನು ಜರಡಿ ಎಂದೇ ಕರೆಯುತ್ತಿದ್ದರು. ಬಂದ ಪ್ರತಿ ಬಾಟಲಿಯನ್ನೂ ಮೊದಲು ಸೋಸುವವಳು ಅವಳು. ಗಾಜಿನ ಆಲಿಕೆಗೆ ಕಾಗದ ಮಡಚಿ ಕೂರಿಸಿ, ಕೆಳಗಿನಿಂದ ಪಂಪು ಗೊರಗೊರ ಎಳೆಯುವಾಗ ಮೇಲಿನಿಂದ ಕಷಾಯ ಸುರಿಯುತ್ತಿದ್ದಳು. ಕೆಸರಿನಂತೆ ಇಳಿದದ್ದು ಕೆಳಗೆ ಹೊಳೆಯುವ ಕಂದು ನೀರಾಗುತ್ತಿತ್ತು. ಕಾಗದದಲ್ಲಿ ಉಳಿದ ಗಸಿಯನ್ನು ಮಡಚಿ ಹಳದಿ ಡಬ್ಬಕ್ಕೆ ಎಸೆದರೆ ಮೊದಲ ಹಂತ ಮುಗಿಯಿತು. ಅವಳು ಸೋಸಿದ ತಿಳಿಯನ್ನು ಬೆಳಕಿಗೆ ಹಿಡಿದರೆ ಆಚೆ ಕಡೆಯ ಕಿಟಕಿಯ ಸರಳು ಕಾಣಬೇಕು. ಕಾಣದಿದ್ದರೆ ಮತ್ತೊಮ್ಮೆ ಸೋಸುತ್ತಿದ್ದಳು.

ಇದು ಅವಳ ಚಟವೇನೂ ಅಲ್ಲ. ಆಮೇಲಿನ ಕೆಲಸಕ್ಕೆ ಹಾಗೆ ಸೋಸಲೇಬೇಕು. ಲ್ಯಾಬಿನ ಬೆಚ್ಚನೆಯ ಪೆಟ್ಟಿಗೆಯಲ್ಲಿ, ಅಂಗೈಯಗಲದ ಪ್ಲಾಸ್ಟಿಕ್ ತಟ್ಟೆಗಳ ಗುಳಿಗಳಲ್ಲಿ, ಮನುಷ್ಯರ ಲಿವರಿನ ಕೋಶಗಳನ್ನು ಸಾಕಿದ್ದರು. ಕಷಾಯವನ್ನು ಆ ಕೋಶಗಳಿಗೆ ಕುಡಿಸಿ, ಬದುಕುತ್ತವೋ ಸಾಯುತ್ತವೋ ಎಂದು ಮೈಕ್ರೋಸ್ಕೋಪಿನಲ್ಲಿ ನೋಡುವುದೇ ಪರೀಕ್ಷೆ. ಗಸಿ ಇದ್ದರೆ ಯಾವುದು ಕೋಶ, ಯಾವುದು ಕಸ ಎಂದು ಗುರುತು ಸಿಗುವುದಿಲ್ಲ. ಜತೆಗೆ ಬಂದ ಬೂಸ್ಟು ಕೋಶಗಳನ್ನು ನುಂಗಿ ಹಾಕುತ್ತದೆ. ಆದ್ದರಿಂದ ಸೋಸು. ಕೆಲಸಕ್ಕೆ ಸೇರಿದ ಮೊದಲ ದಿನ ಕಲಿತ ಮೊದಲ ಪಾಠ ಅದು. ಮುಂಚಿನವರು ಹಾಗೇ ಮಾಡಿದ್ದರು, ನಿಯಮವೂ ಹಾಗೇ ಇತ್ತು, ಬೇರೆ ಲ್ಯಾಬುಗಳಲ್ಲೂ ಹಾಗೇ ಮಾಡುತ್ತಿದ್ದರು.

ಜರಡಿಗೆ ಇದ್ದ ಒಂದೇ ರಕ್ತಸಂಬಂಧ ಅವಳ ಅಕ್ಕ. ಅಪ್ಪ ಅಮ್ಮ ಬೇಗ ಹೋದಮೇಲೆ ಹೊಲಿಗೆ ಯಂತ್ರ ತುಳಿದು ತಂಗಿಯನ್ನು ಓದಿಸಿದವಳು. ತಂಗಿ ಬಿಳಿ ಕೋಟು ತೊಟ್ಟು ಲ್ಯಾಬಿಗೆ ಹೊರಟ ಮೇಲೂ ಅಕ್ಕ ತುಳಿಯುವುದನ್ನು ಬಿಡಲಿಲ್ಲ. ಮೋಟಾರು ಹಾಕಿಸಿಕೋ ಎಂದರೆ, "ಅದು ನನ್ನ ಮಾತು ಕೇಳಲ್ಲ ಕಣೇ, ಓಡ್ತಾನೇ ಇರುತ್ತೆ, ನಿಮ್ಮ ಭಾವನ ಬಾಯಿ ಥರ" ಎನ್ನುತ್ತಿದ್ದಳು. ಮಂಡಿಗಳು ಸವೆದವು. ಬೆಳಗ್ಗೆ ಎದ್ದು ನಿಲ್ಲಬೇಕಾದರೆ ಯಂತ್ರದ ಅಂಚು ಹಿಡಿದು, ಹಲ್ಲು ಕಚ್ಚಿ, ಯಾರನ್ನೋ ಬೈಯುತ್ತ ಏಳುತ್ತಿದ್ದಳು.

ಒಂದು ಭಾನುವಾರ ಜರಡಿ ಹೋದಾಗ ಯಂತ್ರದ ಪಕ್ಕದ ಗೂಡಿನಲ್ಲಿ, ನೂಲುಂಡೆಗಳ ಮಧ್ಯೆ ಒಂದು ಬಾಟಲಿ ಕೂತಿತ್ತು. ಹಸಿರು ಎಲೆಯ ಚಿತ್ರ, ಅದರ ಕೆಳಗೆ "ಲ್ಯಾಬಿನಲ್ಲಿ ಪರೀಕ್ಷಿಸಿದ್ದು, ಸುರಕ್ಷಿತ" ಎಂಬ ದಪ್ಪ ಅಕ್ಷರ.

"ಏ, ಇದು ನಿಮ್ಮ ಲ್ಯಾಬಿಂದೇ ಅಲ್ವೇನೇ?" ಅಕ್ಕ ಬಾಯಲ್ಲಿ ಕಚ್ಚಿದ್ದ ಗುಂಡುಸೂಜಿ ತೆಗೆದು ಕೇಳಿದಳು.

ಜರಡಿ ಬಾಟಲಿ ತಿರುಗಿಸಿ ನೋಡಿದಳು. "ಹೂಂ. ಇದರ ಟೆಸ್ಟು ನಾನೇ ಮಾಡಿದ್ದು."

"ಕುಡಿದ್ರೆ ಏನೂ ಆಗಲ್ಲ ತಾನೇ?"

"ಮಂಡಿ ನೋವು ಹೋಗುತ್ತೋ ಇಲ್ವೋ ನಂಗೊತ್ತಿಲ್ಲಕ್ಕ. ಆದ್ರೆ ಏನೂ ಆಗಲ್ಲ, ಅದಕ್ಕೆ ನಾನು ಗ್ಯಾರಂಟಿ."

ಬಸ್ ಓಡಿಸುವ ಭಾವ ಬನಿಯನ್ನಿನಲ್ಲೇ ಬಾಗಿಲಿಗೆ ಒರಗಿ ನಿಂತಿದ್ದರು. "ನಾದಿನಿ ಗ್ಯಾರಂಟಿ ಕೊಟ್ಟಮೇಲೆ ಇನ್ನೇನು? ಒಂದು ಬಾಟಲಿ ನಮ್ಮ ಬಸ್ಸಿಗೂ ತಂದುಕೊಡಮ್ಮ. ಅದಕ್ಕೂ ಮಂಡಿ ಹೋಗಿದೆ, ಏರು ಬಂದ್ರೆ ನರಳುತ್ತೆ."

"ಬಸ್ಸಿಗಲ್ಲ, ನಿಮ್ಮ ನಾಲಿಗೆಗೆ ಹಾಕ್ತೀನಿ, ಸ್ವಲ್ಪ ಹಿಡ್ಕೊಳ್ಳಲಿ" ಎಂದಳು ಅಕ್ಕ. ಮೂವರೂ ನಕ್ಕರು. ಅಕ್ಕ ಅಂದಿನಿಂದ ಬೆಳಗ್ಗೆ ಒಂದು, ಸಂಜೆ ಒಂದು ಸಣ್ಣ ಲೋಟ ಕುಡಿಯತೊಡಗಿದಳು.

ಕುಡಿದಳು ಮಾತ್ರವಲ್ಲ, ಬೀದಿಗೆಲ್ಲ ಸಾರಿದಳು. ರವಿಕೆ ಅಳತೆ ಕೊಡಲು ಬಂದವರಿಗೆ, ತರಕಾರಿ ಗಾಡಿಯವನಿಗೆ, ಎದುರುಮನೆಯ ಇಸ್ತ್ರಿಯವಳಿಗೆ, ಎಲ್ಲರಿಗೂ ಒಂದೇ ಮಾತು: "ನಮ್ಮ ತಂಗಿ ಟೆಸ್ಟ್ ಮಾಡಿರೋದು ಕಣ್ರೀ, ಧೈರ್ಯವಾಗಿ ತಗೊಳ್ಳಿ." ದಿನವಿಡೀ ನಿಂತು ಇಸ್ತ್ರಿಪೆಟ್ಟಿಗೆ ತಿಕ್ಕುವ ಎದುರುಮನೆಯವಳಿಗೆ ಕಾಲು ಮರದ ಕೊರಡಾಗಿತ್ತು. ಅವಳೂ ತರಿಸಿಕೊಂಡಳು. ಕಂಪನಿಯ ಜಾಹೀರಾತಿಗೆ ಬಗ್ಗದ ಬೀದಿ ಅಕ್ಕನ ಹೆಮ್ಮೆಗೆ ಬಗ್ಗಿತು.

ಕೆಲವು ತಿಂಗಳು ಎಲ್ಲ ಚೆನ್ನಾಗಿಯೇ ಇತ್ತು. ನೋವು ಕಡಿಮೆಯಾಗಿದೆ ಎಂದು ಅಕ್ಕ ಹೇಳಿದಳು. ಆಗಿತ್ತೋ, ಆಗಿದೆ ಎಂದುಕೊಂಡಳೋ, ಯಾರು ಬಲ್ಲರು. ಆಮೇಲೆ ಸುಸ್ತು ಶುರುವಾಯಿತು. ಊಟ ಮುಂದಿಟ್ಟರೆ ಮುಖ ತಿರುಗಿಸುತ್ತಿದ್ದಳು. ಮೈಯೆಲ್ಲ ತುರಿಕೆ, ಹೊಲಿಯುವ ಅಳತೆಕೋಲಿನಿಂದಲೇ ಬೆನ್ನು ಕೆರೆದುಕೊಳ್ಳುತ್ತಿದ್ದಳು. ಬಣ್ಣ ಹೊಂದಿಸಲು ಅಕ್ಕ ಬಟ್ಟೆ ಹಿಡಿದುಕೊಂಡು ಕಿಟಕಿಯ ಬೆಳಕಿಗೆ ಬಂದಾಗ ಇಸ್ತ್ರಿಯವಳು ಅವಳ ಮುಖ ನೋಡಿ ಕೂಗಿಕೊಂಡಳು: "ಅಯ್ಯೋ, ಏನ್ರಕ್ಕ ಇದು, ಕಣ್ಣು ಅರಿಶಿನ ಹಚ್ಚಿದ ಹಾಗಿದೆಯಲ್ಲ!"

ಆಸ್ಪತ್ರೆಗೆ ಸೇರಿಸಿದರು. ಹಸಿರು ಪರದೆಗಳ ಉದ್ದನೆಯ ವಾರ್ಡು, ಕಿಟಕಿ ಪಕ್ಕದ ಹಾಸಿಗೆ. ಡಾಕ್ಟರು ವಯಸ್ಸಿನಲ್ಲಿ ಚಿಕ್ಕವನು, ಆದರೆ ಕೇಳಬೇಕಾದದ್ದನ್ನೆಲ್ಲ ಕೇಳಿದ. ಇದನ್ನು ಗಮನವಿಟ್ಟು ಓದಿ, ಆಮೇಲೆ ಅವನ ಮೇಲೆ ತಪ್ಪು ಹೊರಿಸಬೇಡಿ.

"ಬೇರೆ ಏನಾದ್ರೂ ಔಷಧಿ ತಗೊಳ್ತಿದ್ರಾ? ನಾಟಿ ಔಷಧಿ, ಬೇರು, ಪುಡಿ, ಏನಾದ್ರೂ?"

"ಔಷಧಿ ಏನಿಲ್ಲ ಸಾರ್" ಎಂದರು ಭಾವ. "ಬರೀ ಕಷಾಯ."

ಡಾಕ್ಟರು ಬರೆಯುವುದನ್ನು ನಿಲ್ಲಿಸಿ ತಲೆಯೆತ್ತಿದ. "ಯಾವ ಕಷಾಯ?"

ಭಾವ ಬಾಯಿ ತೆರೆಯುವ ಮೊದಲೇ ಜರಡಿ ಹೇಳಿದಳು: "ಅದಲ್ಲ ಡಾಕ್ಟ್ರೇ. ಅದನ್ನ ನಮ್ಮ ಲ್ಯಾಬಲ್ಲೇ ಟೆಸ್ಟ್ ಮಾಡಿದೀವಿ. ಲಿವರ್ ಕೋಶಗಳ ಮೇಲೇನೇ. ನಾನೇ ಕೈಯಾರೆ ಮಾಡಿದ್ದು."

ಅವನ ದನಿಯಲ್ಲಿ ಮರ್ಯಾದೆ ಬಂತು. "ಓ, ನೀವು ಅದೇ ಫೀಲ್ಡಿನವರಾ? ಹಾಗಾದ್ರೆ ಅದನ್ನ ಬಿಡೋಣ, ಬೇರೆ ಕಡೆ ಹುಡುಕೋಣ."

ಬೇರೆ ಕಡೆ ಹುಡುಕಿದರು. ಪಿತ್ತದ ಕಲ್ಲು ಹುಡುಕಿದರು, ವೈರಸ್ಸು ಹುಡುಕಿದರು, ಗಡ್ಡೆ ಹುಡುಕಿದರು. ದಿನವೂ ರಕ್ತ ಎಳೆದರು, ಹೊಟ್ಟೆಯ ಮೇಲೆ ತಣ್ಣನೆಯ ಜೆಲ್ಲು ಬಳಿದು ಯಂತ್ರ ಆಡಿಸಿದರು. ಏನೂ ಸಿಗಲಿಲ್ಲ. ಅಕ್ಕನ ಹಳದಿ ಮಾತ್ರ ದಿನದಿಂದ ದಿನಕ್ಕೆ ಏರಿತು. ಮತ್ತು ಹಾಸಿಗೆಯ ಪಕ್ಕದ ಕಪಾಟಿನ ಮೇಲೆ, ನೀರಿನ ಜಗ್ಗು, ಬಾಚಣಿಗೆಗಳ ಜತೆ, ಹಸಿರು ಎಲೆಯ ಬಾಟಲಿ ಇತ್ತು. ಮನೆಯಿಂದ ಭಾವನೇ ತಂದಿಟ್ಟಿದ್ದರು. ಅಕ್ಕ ಅದನ್ನು ಆಸ್ಪತ್ರೆಯಲ್ಲೂ ತಪ್ಪಿಸಿರಲಿಲ್ಲ. ನರ್ಸುಗಳು ನೋಡಿಯೂ ಸುಮ್ಮನಿದ್ದರು. ಪರೀಕ್ಷೆಯಾಗಿದೆ ಎಂದು ಅವರಿಗೂ ಗೊತ್ತಾಗಿತ್ತು.

ಒಂದು ಬೆಳಗ್ಗೆ ಭಾವ ಸ್ನಾನಕ್ಕೆಂದು ಮನೆಗೆ ಹೋಗಿದ್ದರು. ಜರಡಿ ಪಕ್ಕದಲ್ಲಿ ಕೂತಿದ್ದಳು.

"ಆ ಕಷಾಯ ಒಂಚೂರು ಕೊಡೇ" ಎಂದಳು ಅಕ್ಕ.

ಜರಡಿ ಬಾಟಲಿ ತೆಗೆದಳು. ರಾತ್ರಿಯೆಲ್ಲ ಅಲುಗಾಡದೆ ನಿಂತ ಕಷಾಯ. ಮೇಲೆ ತಿಳಿ, ಅಡಿಯಲ್ಲಿ ಎರಡು ಬೆರಳಿನಷ್ಟು ದಪ್ಪ ಗಸಿ. ಕೈ ತನ್ನಷ್ಟಕ್ಕೆ ಲ್ಯಾಬಿನ ಕೈಯಾಯಿತು. ಗಸಿ ಕದಡದಂತೆ ಬಾಟಲಿಯನ್ನು ಮೆಲ್ಲಗೆ ಬಗ್ಗಿಸಿ, ತಿಳಿಯನ್ನಷ್ಟೇ ಲೋಟಕ್ಕೆ ಇಳಿಸಿದಳು.

ಅಕ್ಕ ಲೋಟ ನೋಡಿ ರೇಗಿದಳು. "ಇದೇನೇ, ಬರೀ ನೀರು ಕುಡಿಸ್ತೀಯಾ? ಅಲ್ಲಾಡಿಸೇ ಚೆನ್ನಾಗಿ! ಸತ್ವ ಎಲ್ಲ ತಳದಲ್ಲಿರುತ್ತೆ. ಅಷ್ಟು ಓದಿಸಿದ್ದು ದಂಡ." ಎಂದವಳೇ ನಡುಗುವ ಕೈಯಿಂದ ಬಾಟಲಿ ಕಸಿದುಕೊಂಡು, ಮುಚ್ಚಳ ತಿರುಗಿಸಿ, ಗಡಗಡ ಕುಲುಕಿ ಲೋಟಕ್ಕೆ ಸುರಿದುಕೊಂಡಳು. ಕೆಸರಿನಂಥ ರಸವನ್ನು ಗಟಗಟ ಕುಡಿದಳು. ಲೋಟದ ಅಡಿಯಲ್ಲಿ ಅಂಟಿಕೊಂಡದ್ದನ್ನು ಚಮಚದಿಂದ ಕೆರೆಯತೊಡಗಿದಳು. "ಹಿಂದಿನ ಬಾಟಲಿ ಮುಗಿದಾಗ ಅಡಿಗೆ ಸ್ವಲ್ಪ ಬಿಸಿನೀರು ಹಾಕಿ ತೊಳ್ಕೊಂಡು ಕುಡಿದೆ ಗೊತ್ತಾ. ಒಂದು ತೊಟ್ಟೂ ದಂಡ ಮಾಡಿಲ್ಲ, ನೀನು ಟೆಸ್ಟ್ ಮಾಡಿದ್ದು ಅಂತ."



ಅವಳ ಕಣ್ಣ ಮುಂದೆ ಬಂದದ್ದು ಹಳದಿ ಡಬ್ಬ. ಅಷ್ಟು ವರ್ಷ, ಅಷ್ಟು ಬಾಟಲಿ, ಅಷ್ಟು ಕಾಗದ. ಮಡಚಿ ಮಡಚಿ ಎಸೆದದ್ದು. ಕೋಶಗಳಿಗೆ ಅವಳು ಒಂದು ದಿನವೂ ಕುಡಿಸದಿದ್ದದ್ದನ್ನು ಅಕ್ಕ ಚಮಚದಿಂದ ಕೆರೆದು ತಿನ್ನುತ್ತಿದ್ದಳು.

"ಇನ್ನು ಬೇಡಕ್ಕ" ಎಂದು ಲೋಟ ಹಿಡಿದಳು.

"ಯಾಕೇ?"

ಇಲ್ಲಿ ಅವಳು ಬಾಯಿಬಿಟ್ಟು ಹೇಳಿಬಿಡಬೇಕಿತ್ತು. ಅಕ್ಕನಿಗೆ ಹೇಳಬೇಕಿತ್ತು, ನರ್ಸಿಗೆ ಹೇಳಬೇಕಿತ್ತು, ಓಡಿಹೋಗಿ ಆ ಚಿಕ್ಕ ಡಾಕ್ಟರನ ಕೋಟು ಹಿಡಿದು ನಿಲ್ಲಿಸಿ, ಅವತ್ತು ನಾನು ಹೇಳಿದ್ದು ತಪ್ಪಿರಬಹುದು ಎನ್ನಬೇಕಿತ್ತು. ಹೇಳಲಿಲ್ಲ. ಇನ್ನೂ ಖಾತ್ರಿಯಿಲ್ಲ, ಬರೀ ಅನುಮಾನ. ಖಾತ್ರಿಯಾಗದೆ ಮಾತಾಡಬಾರದು ಎಂದು ಅವಳಿಗೆ ಕಲಿಸಿದ್ದರು. ಅದರ ಕೆಳಗೆ ಇನ್ನೊಂದಿತ್ತು, ನಾಚಿಕೆ. "ಟೆಸ್ಟಿಗೆ ಬೇಕು, ತಗೊಂಡು ಹೋಗ್ತೀನಿ" ಎಂದಷ್ಟೇ ಹೇಳಿ ಬಾಟಲಿಯನ್ನು ಚೀಲಕ್ಕೆ ಹಾಕಿಕೊಂಡು ಹೊರಟಳು.

ಲ್ಯಾಬಿನಲ್ಲಿ ಅವಳು ಮೊದಲ ಸಲ ಎಲ್ಲವನ್ನೂ ತಿರುಗಿಸಿ ಮಾಡಿದಳು. ತಿಳಿಯನ್ನು ಬದಿಗಿಟ್ಟು ಗಸಿಯನ್ನು ಉಳಿಸಿಕೊಂಡಳು. ಅದು ನೀರಿನಲ್ಲಿ ಕರಗುವ ವಸ್ತುವಲ್ಲ, ಅಂಟು. ಆದರೆ ಹೊಟ್ಟೆಯಲ್ಲಿರುವುದು ಬರೀ ನೀರಲ್ಲವಲ್ಲ. ಅಲ್ಲಿ ಪಿತ್ತವಿದೆ, ಉಂಡ ಎಣ್ಣೆಯಿದೆ. ಲ್ಯಾಬಿನಲ್ಲಿದ್ದ ಪಿತ್ತದ ಲವಣವನ್ನು ಗಸಿಗೆ ಬೆರೆಸಿ, ಮೈಯ ಶಾಖದಲ್ಲಿ ಇಟ್ಟಳು. ಅಂಟು ಕರಗಿ ರಸ ಬಣ್ಣ ತಿರುಗಿತು. ಅದನ್ನು ತಟ್ಟೆಯ ಒಂದು ಸಾಲು ಗುಳಿಗಳಿಗೆ ಹಾಕಿದಳು. ಇನ್ನೊಂದು ಸಾಲಿಗೆ ಬರೀ ಪಿತ್ತದ ಲವಣ. ಮತ್ತೊಂದಕ್ಕೆ ಎಂದಿನ ಹಾಗೆ ಸೋಸಿದ ತಿಳಿ. ಪೆಟ್ಟಿಗೆಯ ಬಾಗಿಲು ಮುಚ್ಚಿದಳು.

ಮರುದಿನ ಬೆಳಗ್ಗೆ ತಟ್ಟೆಯನ್ನು ಮೈಕ್ರೋಸ್ಕೋಪಿನ ಕೆಳಗಿಟ್ಟಳು. ಬರೀ ಪಿತ್ತದ ಸಾಲು ಚೆನ್ನಾಗಿತ್ತು. ತಿಳಿಯ ಸಾಲೂ ಚೆನ್ನಾಗಿತ್ತು. ಕೋಶಗಳು ನೆಲಹಾಸಿನ ಕಲ್ಲುಗಳಂತೆ ಅಂಚಿಗೆ ಅಂಚು ತಾಗಿಸಿ ಒತ್ತಾಗಿ ಕೂತಿದ್ದವು. ಗಸಿಯ ಸಾಲಿಗೆ ಬಂದಳು. ನೆಲಹಾಸೇ ಇರಲಿಲ್ಲ. ಕೋಶಗಳು ಮುದುಡಿ ಗುಂಡಗಾಗಿ, ತಳ ಬಿಟ್ಟು, ಕಿತ್ತುಹೋದ ಗುಂಡಿಗಳಂತೆ ತೇಲುತ್ತಿದ್ದವು. ಪಕ್ಕದ ಗುಳಿ ನೋಡಿದಳು, ಅದೇ. ಅದರ ಪಕ್ಕದ್ದೂ ಅದೇ. ಅಂಗಡಿಯಿಂದ ಹೊಸ ಬಾಟಲಿ ತರಿಸಿ ಮತ್ತೆ ಮಾಡಿದಳು. ಮತ್ತೆ ಅದೇ.

ಮೇಡಂ, ಅಂದರೆ ಲ್ಯಾಬಿನ ಮುಖ್ಯಸ್ಥೆ, ಒಳ್ಳೆಯ ಹೆಂಗಸು. ಲಂಚ ಮುಟ್ಟಿದವಳಲ್ಲ, ಕೆಲಸ ಕದ್ದವಳಲ್ಲ. ಜರಡಿ ಕರೆದಾಗ ಬಂದು ಕಣ್ಣು ಕೊಟ್ಟು ನೋಡಿದಳು. 

"ಇದು ಯಾವ ಸಾಲು?"

"ಗಸಿ ಮೇಡಂ. ನಾವು ಎಸೀತೀವಲ್ಲ, ಅದು."

"ನಮ್ಮ ರಿಪೋರ್ಟ್ ತಪ್ಪಿಲ್ಲ" ಎಂದಳು ಮೇಡಂ, ತನಗೆ ತಾನೇ ಹೇಳಿಕೊಳ್ಳುವ ಹಾಗೆ. "ಸೋಸಿದ ಕಷಾಯ ಸುರಕ್ಷಿತ ಅಂತಲೇ ಬರೆದಿದ್ದೀವಿ. ಅದು ಈಗಲೂ ನಿಜ. ವಿಧಾನದ ಪ್ರಕಾರವೇ ಮಾಡಿದ್ದೀವಿ."

"ಜನ ಸೋಸಿ ಕುಡಿಯಲ್ಲ ಮೇಡಂ. ಕುಲುಕಿ ಕುಡೀತಾರೆ."

"ಅದನ್ನ ನಮಗೆ ಯಾರೂ ಹೇಳಿಲ್ವಲ್ಲ."

"ನಾವೂ ಕೇಳಿಲ್ವಲ್ಲ ಮೇಡಂ."

ಮೇಡಂ ಸ್ಟೂಲಿನ ಮೇಲೆ ಕೂತಳು. ಗೋಡೆಗೆ ಹಾಕಿದ್ದ ಕಪಾಟುಗಳನ್ನು ನೋಡಿದಳು. ಈ ಲ್ಯಾಬು ಪಾಸು ಮಾಡಿ ಕಳಿಸಿದ ಮಾದರಿ ಬಾಟಲಿಗಳು ಸಾಲಾಗಿ ನಿಂತಿದ್ದವು. ಮಲಬದ್ಧತೆಗೆ, ನಿದ್ದೆಗೆ, ಮಕ್ಕಳ ಹೊಟ್ಟೆನೋವಿಗೆ. ಒಂದೊಂದರ ಅಡಿಯಲ್ಲೂ ಗಸಿ ಕೂತಿತ್ತು. "ಇದರಲ್ಲಿ ಎಷ್ಟು..." ಎಂದಳು.  ಪಂಪು ಆರಿಸುವುದನ್ನು ಯಾರೋ ಮರೆತಿದ್ದರು, ಖಾಲಿ ಆಲಿಕೆಯನ್ನು ಗೊರಗೊರ ಎಳೆಯುತ್ತಿತ್ತು.

ಜರಡಿ ಮೆಟ್ಟಿಲು ಹಾರಿ ಇಳಿದು ಆಸ್ಪತ್ರೆಗೆ ಓಡಿದಳು. ವಾರ್ಡಿಗೆ ಕಾಲಿಟ್ಟವಳು ಬಾಗಿಲಲ್ಲೇ ನಿಂತುಬಿಟ್ಟಳು. ಕಪಾಟಿನ ಮೇಲೆ ಇನ್ನೊಂದು ಬಾಟಲಿ ಇತ್ತು. ಅರ್ಧ ಖಾಲಿ.

"ಇದೆಲ್ಲಿಂದ ಬಂತು ಭಾವ?"

"ನೀನು ಅದನ್ನ ತಗೊಂಡು ಹೋದೆಯಲ್ಲಮ್ಮ. ಇವಳು ಒಂದೇ ಸಮ ಹಟ ಹಿಡಿದಳು. ಕೊಡಲಿಲ್ಲ ಅಂದ್ರೆ ಊಟಾನೂ ಮಾಡಲ್ಲ ಅಂದಳು. ಅದಕ್ಕೇ ಹೊಸದು ತಂದೆ." ಅವಳ ಮುಖ ನೋಡಿ ಅವರ ದನಿ ಇಳಿಯಿತು. "ಯಾಕಮ್ಮ? ಏನಾಯ್ತು?"

ಹೇಳಿದಳು. ವಾರ್ಡಿನ ನಡುವೆ, ಪರದೆಯ ಆಚೆ ಈಚೆಯವರೆಲ್ಲ ಕೇಳಿಸಿಕೊಳ್ಳುವಂತೆ ಹೇಳಿದಳು. ಭಾವ ಬಾಟಲಿಯನ್ನು ಕೈಯಲ್ಲಿ ಹಿಡಿದುಕೊಂಡೇ ನಿಂತರು. ಯಾವುದಕ್ಕೂ ಒಂದು ನಗೆಮಾತು ಹುಡುಕುವ ಬಾಯಿ ಅದು. ಅವತ್ತು ಸಿಗಲಿಲ್ಲ. "ನಾನೇ ಕೈಯಾರೆ ಕುಡಿಸಿದ್ನಲ್ಲಮ್ಮ" ಎಂದರು. "ಇವತ್ತು ಬೆಳಗ್ಗೆ ಕೂಡ. ಚೆನ್ನಾಗಿ ಕುಲುಕಿ."

ಚಿಕ್ಕ ಡಾಕ್ಟರು ಎಲ್ಲ ಕೇಳಿಸಿಕೊಂಡ. ಬೈದಿದ್ದರೆ ಅವಳಿಗೆ ಎಷ್ಟೋ ಹಗುರವಾಗುತ್ತಿತ್ತು. ಬೈಯಲಿಲ್ಲ. "ಸೇರಿಸಿದ ದಿನವೇ ನಿಲ್ಲಿಸಿದ್ದಿದ್ರೆ..." ಎಂದ. ಆಮೇಲೆ, "ಇನ್ನು ಕಾಯೋಣ. ಲಿವರ್ರು ಹಟಮಾರಿ, ಕೆಲವು ಸಲ ಮತ್ತೆ ಎದ್ದು ಕೂರುತ್ತೆ" ಎಂದ.

ಕಾಯುವ ಆ ದಿನಗಳಲ್ಲೇ ಜರಡಿ ಕಷಾಯ ತಯಾರಿಸುವ ವೈದ್ಯರ ಹತ್ತಿರ ಹೋದಳು. ಜಗಳಕ್ಕೆ ಸಿದ್ಧಳಾಗಿಯೇ ಹೋದಳು. ಊರಾಚೆ ತಗಡಿನ ಶೆಡ್ಡು. ಒಳಗೆ ಹಂಡೆಗಳಲ್ಲಿ ತೊಗಟೆ ಕುದಿಯುವ ಕಹಿ ಹಬೆ. ಮೂಲೆಯಲ್ಲಿ ಬೇರನ್ನು ಹಿಟ್ಟಿನಂತೆ ನುಣ್ಣಗೆ ಮಾಡುವ ಯಂತ್ರ, ಅದರ ಮುಂದೆ ಬಾಟಲಿ ತುಂಬುವ ನಲ್ಲಿಗಳ ಸಾಲು. ವೈದ್ಯರು ವಯಸ್ಸಾದವರು, ಕನ್ನಡಕಕ್ಕೆ ದಾರ ಕಟ್ಟಿಕೊಂಡಿದ್ದರು. ಕೂಗಾಡುವ ಮೋಸಗಾರನನ್ನು ನಿರೀಕ್ಷಿಸಿದ್ದ ಅವಳಿಗೆ ಅವರು ಕುರ್ಚಿ ಕೊಟ್ಟರು. ಅವಳು ಹೇಳಿದ್ದನ್ನೆಲ್ಲ ಕೇಳಿಸಿಕೊಂಡರು.

"ಗಸಿಯಾ?" ಎಂದರು. "ನಮ್ಮ ತಾತ ಗಸಿ ಕೊಡ್ತಾನೇ ಇರಲಿಲ್ಲಮ್ಮ. ಕುದಿಸಿ, ರಾತ್ರಿ ಹಾಗೇ ಬಿಟ್ಟು, ಬೆಳಗ್ಗೆ ಮೇಲಿನ ತಿಳಿ ಬಗ್ಗಿಸಿಕೊಂಡು, ಅಡಿಯದ್ದನ್ನ ಗುಂಡಿ ತೋಡಿ ಹೂತುಬಿಡೋರು. ದನ ಮೂತಿ ಇಡಬಾರದು ಅಂತ ಮೇಲೆ ಕಲ್ಲು ಬೇರೆ ಇಡೋರು."

"ಮತ್ತೆ ನೀವು?"

"ತಿಳಿ ಮಾತ್ರ ಬಾಟಲಿಗೆ ಹಾಕಿದ್ವಿ ಮೊದಲು. ನೀರು ನೀರಾಗಿದೆ, ಮೋಸ ಅಂತ ಅಂಗಡಿಯವರು ವಾಪಸ್ ಕಳಿಸಿದ್ರು. ಮಂದವಾಗಿದ್ರೇನೇ ಜನ ತಗೊಳ್ಳೋದು ಅಂದ್ರು. ಬೇರು ನುಣ್ಣಗೆ ಅರೆದು ಎಲ್ಲಾನೂ ಸೇರಿಸಿಬಿಟ್ವಿ. ತಾತ ಯಾಕೆ ಹೂಳ್ತಿದ್ರು ಅಂತ..." ಅವರು ಕನ್ನಡಕ ತೆಗೆದು ಕಣ್ಣೊತ್ತಿಕೊಂಡರು. "ಏನೋ ಅವರ ಕಾಲದ ಮಡಿ ಅಂದ್ಕೊಂಡೆ. ಆಮೇಲೆ ನಿಮ್ಮ ಲ್ಯಾಬೇ ಸುರಕ್ಷಿತ ಅಂತ ಬರೆದುಕೊಡ್ತಲ್ಲ. ಸರಿ, ತಾತನಿಗೆ ಏನು ಗೊತ್ತಿತ್ತು ಅಂತ ಸುಮ್ಮನಾದೆ."

 ಯೋಚಿಸಿ ನೋಡಿ. ತಾತ ಗಸಿಯನ್ನು ಹೂಳುತ್ತಿದ್ದ, ಲ್ಯಾಬು ಗಸಿಯನ್ನು ಡಬ್ಬಕ್ಕೆ ಎಸೆಯುತ್ತಿತ್ತು. ತಾತನ ನಾಟಿ ವೈದ್ಯವೂ ಅದನ್ನು ಮುಟ್ಟಲಿಲ್ಲ, ವಿಜ್ಞಾನವೂ ಮುಟ್ಟಲಿಲ್ಲ. ಮುಟ್ಟಿದವಳು ಹೊಲಿಗೆ ಯಂತ್ರದ ಮುಂದೆ ಕೂತ ಒಬ್ಬ ಹೆಂಗಸು, ಎರಡನ್ನೂ ನಂಬಿದ್ದಕ್ಕೆ.

ವೈದ್ಯರು ಅವತ್ತೇ ಹಂಡೆ ಇಳಿಸಿದರು. ಆದರೆ ಅಂಗಡಿಗಳಿಗೆ ಹೋದ ಬಾಟಲಿಗಳು ಹೋಗಿಯಾಗಿತ್ತು. ವಾಪಸು ಕೇಳಿದರೆ, "ಚೆನ್ನಾಗಿ ಹೋಗ್ತಿದೆ ಸ್ವಾಮಿ, ಯಾಕೆ ವಾಪಸು?" ಎಂದು ಅಂಗಡಿಯವರು ಫೋನು ಇಟ್ಟರು. ಮೇಡಂ ಮೇಲಿನ ಕಚೇರಿಗೆ ತಿಳಿಸಿದಳು. ಪರೀಕ್ಷೆಯ ವಿಧಾನ ಬದಲಿಸಬೇಕಾದರೆ ಸಮಿತಿ ಕೂರಬೇಕು, ಸಮಿತಿ ಕೂರುವ ತನಕ ಈಗಿರುವ ವಿಧಾನವೇ ನಡೆಯಲಿ ಎಂದು ಅಲ್ಲಿಂದ ಉತ್ತರ ಬಂತು. ಅಂದರೆ ಸೋಸುತ್ತಿರಿ ಎಂದು.

ಅಕ್ಕನ ಲಿವರ್ರು ಎದ್ದು ಕೂರಲಿಲ್ಲ. ಒಂದೆರಡು ದಿನ ಕಣ್ಣಿನ ಹಳದಿ ಇಳಿದಂತೆ ಕಂಡು ಎಲ್ಲರಿಗೂ ಆಸೆ ಹುಟ್ಟಿಸಿತು. ಆಮೇಲೆ ಹೊಟ್ಟೆಯಲ್ಲಿ ನೀರು ತುಂಬಿತು, ಮಾತು ತೊದಲಿತು. ಮಂಪರಿನಲ್ಲೂ ಕಾಲು ಆಡಿಸುತ್ತಿದ್ದಳು, ಯಂತ್ರ ತುಳಿಯುವ ಹಾಗೆ. ಸ್ವಲ್ಪ ಎಚ್ಚರವಾಗಿದ್ದಾಗ ಜರಡಿ ಅವಳ ಕಿವಿಯ ಹತ್ತಿರ ಬಗ್ಗಿ ಎಲ್ಲವನ್ನೂ ಹೇಳಿದಳು. ತಪ್ಪಾಯಿತು ಎಂದಳು.

"ಹೋಗೇ" ಎಂದಳು ಅಕ್ಕ. "ನೀನು ಟೆಸ್ಟ್ ಮಾಡಿದೀಯಲ್ಲ, ಅದು ಹೇಗೆ ಕೆಟ್ಟದ್ದಾಗುತ್ತೆ?"

ಅಕ್ಕ ತೀರಿಕೊಂಡ ದಿನ ಮನೆಯ ತುಂಬ ಜನ. ಹೊಲಿಗೆ ಯಂತ್ರವನ್ನು ಗೋಡೆಗೆ ಸರಿಸಿ ಜಾಗ ಮಾಡಿದ್ದರು. ಬಂದವರು ಬಾಗಿಲ ಬಳಿ ಚಪ್ಪಲಿ ಬಿಟ್ಟು, ಒಳಗೆ ಬಂದು, ಭಾವನ ಕೈ ಹಿಡಿದು, ಹೊರಗೆ ಹೋಗಿ ನಿಲ್ಲುತ್ತಿದ್ದರು. ಜರಡಿ ಅಡುಗೆಮನೆಯ ಹೊಸ್ತಿಲಲ್ಲಿ ಕೂತಿದ್ದಳು. ಎದುರುಮನೆಯ ಇಸ್ತ್ರಿಯವಳು ಕುಂಟುತ್ತ ಬಂದು ಪಕ್ಕದಲ್ಲಿ ಕೂತಳು. ಅತ್ತು ಅತ್ತು ಅವಳ ಮುಖ ಬಾತಿತ್ತು. ಅಕ್ಕನನ್ನು ಅವಳಷ್ಟು ಹಚ್ಚಿಕೊಂಡವರು ಆ ಬೀದಿಯಲ್ಲಿ ಬೇರೆ ಇರಲಿಲ್ಲ. ಆಸ್ಪತ್ರೆಯ ಓಡಾಟದಲ್ಲಿ ಕಷಾಯದ ವಿಷಯ ಬೀದಿಗೆ ಯಾರೂ ತಿಳಿಸಿರಲಿಲ್ಲ.

ಸೆರಗಿನಿಂದ ಮೂಗೊರೆಸಿಕೊಂಡು, ಸಣ್ಣ ದನಿಯಲ್ಲಿ ಕೇಳಿದಳು: "ಹೀಗೆ ಕೇಳ್ತೀನಿ ಅಂತ ತಪ್ಪು ತಿಳ್ಕೋಬೇಡಮ್ಮ. ನಿಮ್ಮಕ್ಕನ ಗೂಡಲ್ಲಿ ಆ ಕಷಾಯ ಇನ್ನೂ ಒಂದು ಬಾಟಲಿ ಇದೆ. ಸೀಲು ಒಡೆದೇ ಇಲ್ಲ. ನಂದು ಮುಗಿದುಹೋಗಿದೆ, ಅಂಗಡೀಲೂ ಸಿಗ್ತಿಲ್ಲ. ತಗೊಂಡು ಹೋಗ್ಲಾ?"

ಜರಡಿ ಅವಳತ್ತ ತಿರುಗಿದಳು. ಬಾಗಿಲಿನಿಂದ ಬಿದ್ದ ಬೆಳಕು ಇಸ್ತ್ರಿಯವಳ ಮುಖದ ಮೇಲಿತ್ತು. ಅತ್ತ ಕಣ್ಣು ಕೆಂಪಾಗಿತ್ತು. ಕೆಂಪಿನ ಅಡಿಯಲ್ಲಿ ತೆಳ್ಳಗೆ ಹಳದಿ ಇತ್ತು.

"ಕುಲುಕಿ ಕುಡೀತಿದ್ರಾ?" ಎಂದಳು ಜರಡಿ. 

"ಮತ್ತೆ? ಕುಲುಕದೆ ಯಾರಾದ್ರೂ ಕುಡೀತಾರಾ? ಅಕ್ಕನೇ ಹೇಳಿಕೊಟ್ಟಿದ್ದು."

ಜರಡಿ ಎದ್ದಳು. ಅಳುವ ಜನರ ಮಧ್ಯದಿಂದ ಹೋಗಿ, ಗೂಡಿನಿಂದ ಬಾಟಲಿ ತೆಗೆದು ಬಚ್ಚಲಿಗೆ ಸುರಿದಳು. ಇಸ್ತ್ರಿಯವಳ ರಟ್ಟೆ ಹಿಡಿದು ಎಬ್ಬಿಸಿ, ಅವಳು ಬೇಡ ಬೇಡ ಎನ್ನುತ್ತಿದ್ದಂತೆಯೇ, ಅಕ್ಕನ ದೇಹ ಇನ್ನೂ ಮನೆಯಲ್ಲಿರುವಾಗಲೇ, ಅವಳನ್ನು ಆಟೋ ಹತ್ತಿಸಿಕೊಂಡು ಆಸ್ಪತ್ರೆಗೆ ಹೊರಟಳು. ಸತ್ತ ಅಕ್ಕನನ್ನು ಬಿಟ್ಟು ಎಲ್ಲಿಗೆ ಹೋದಳು ಈ ತಂಗಿ ಎಂದು ಬೀದಿ ಬಾಯಿಗೆ ಬಂದಂತೆ ಆಡಿಕೊಂಡಿತು. ಇಸ್ತ್ರಿಯವಳು ಉಳಿದಳು. ಬೇಗ ನಿಲ್ಲಿಸಿದ್ದರಿಂದ ಉಳಿದಳು ಎಂದು ಚಿಕ್ಕ ಡಾಕ್ಟರು ಹೇಳಿದ.

ಸಮಿತಿ ಇನ್ನೂ ಕೂತಿಲ್ಲ. ಹಳೇ ಬಸ್ ಡಿಪೋದ ಹಿಂದಿನ ಲ್ಯಾಬಿನಲ್ಲಿ ಮಾತ್ರ ಈಗ ಪ್ರತಿ ಬಾಟಲಿಗೂ ಎರಡು ತಟ್ಟೆ, ತಿಳಿಗೊಂದು, ಗಸಿಗೊಂದು. ನಿಯಮದಲ್ಲಿಲ್ಲದ ಆ ಎರಡನೇ ತಟ್ಟೆಗೆ ಮೇಡಂ ತಾನೇ ಸಹಿ ಹಾಕುತ್ತಾಳೆ. ಬೇರೆ ಕಡೆ ಇನ್ನೂ ಕಾಗದ ಮಡಚುತ್ತಿದ್ದಾರೆ, ಡಬ್ಬಕ್ಕೆ ಎಸೆಯುತ್ತಿದ್ದಾರೆ, ಸುರಕ್ಷಿತ ಎಂದು ಬರೆಯುತ್ತಿದ್ದಾರೆ. ಯಾರೂ ಸುಳ್ಳು ಬರೆಯುತ್ತಿಲ್ಲ. ಭಯ ಹುಟ್ಟಿಸುವುದು ಅದೇ.

ಸಮಿತಿಗಾಗಿ ನೀವು ಕಾಯಬೇಡಿ. ನಿಮ್ಮ ಮನೆಯಲ್ಲೂ ಇಂಥದ್ದೊಂದು ಬಾಟಲಿ, ಪುಡಿ, ಲೇಹ ಇದ್ದೇ ಇರುತ್ತದೆ. ಇದನ್ನು ಓದಿ ಮುಗಿಸಿದವರೇ ಏಳಿ, ಅದನ್ನು ಕೈಯಲ್ಲಿ ಹಿಡಿದುಕೊಂಡು ಮಾರಿದವನ ಮುಂದೆ ಹೋಗಿ ನಿಲ್ಲಿ. ಪರೀಕ್ಷೆಯಾಗಿದೆಯಾ ಎಂದು ಕೇಳಬೇಡಿ, ಆಗಿದೆ ಎಂದೇ ಹೇಳುತ್ತಾನೆ. ನಾವು ಕುಡಿಯುವ ಹಾಗೆಯೇ ಕುಡಿಸಿ ನೋಡಿದ್ದಾರಾ ಎಂದು ಕೇಳಿ. ಉತ್ತರ ಬರುವ ತನಕ ಒಂದು ಗುಟುಕೂ ಕುಡಿಯಬೇಡಿ, ಅಲ್ಲಿಂದ ಕದಲಲೂ ಬೇಡಿ.